ಕರೆಂಟ್ ಹೋದರೂ ಐಡಿಯಾ ಮೀಟಿಂಗ್ ನಡೆಯಲಿ

ಸಾಗರದಲ್ಲಿ ಜೂನ್ ಬಂತೆಂದರೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಯಾವಾಗ ಇರುತ್ತದೆ ಎಂದು ಕೇಳುತ್ತಾರೆ. ಗಾಳಿಗೆ ಲೈನ್ ಮೇಲೆ ಮರ ಬೀಳುತ್ತದೆ. ಮರ ಬೀಳದಿದ್ದರೆ ಕೊಂಬೆ ತಾಗುತ್ತದೆ. ಪಕ್ಕದಲ್ಲೇ ಲಿಂಗನಮಕ್ಕಿ ಇದೆ. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಘಟಕ ಸೇರಿದರೆ 1,035 ಮೆಗಾವಾಟ್. ಊರೂರಿಗೆ ಬೆಳಕು ಕೊಡುವ ನೀರು ನಮ್ಮ ಮಗ್ಗುಲಲ್ಲೇ ಇದ್ದರೂ ನಾವು ಮಾತ್ರ ಬೆಂಕಿಪೊಟ್ಟಣ ಹುಡುಕುತ್ತಿರುತ್ತೇವೆ. ಇರಲಿ, ಅದು ಬೇರೆ ಕಥೆ.

ನಮ್ಮದು ಸಣ್ಣ ತಂಡ. ಹಳ್ಳಿ ಶಾಲೆಗಳಿಗೆ ಕನ್ನಡದಲ್ಲಿ ವಿಜ್ಞಾನದ ಕಿಟ್, ವರ್ಕ್‌ಶೀಟ್ ಮಾಡಿಕೊಡುತ್ತೇವೆ. ಆರು ಜನ ಇಲ್ಲೇ ಆಫೀಸಿನಲ್ಲಿದ್ದೇವೆ. ಮೂವರು ಹೊರಗಿದ್ದಾರೆ. ಕಲಬುರಗಿಯಲ್ಲಿ ಒಬ್ಬರು ಮೇಷ್ಟ್ರು, ಬೆಂಗಳೂರಿನಲ್ಲಿ ಚಿತ್ರ ಬರೆಯುವ ಹುಡುಗ, ಮಸ್ಕತ್‌ನಲ್ಲಿ ಎಡಿಟಿಂಗ್ ನೋಡುವ ಗೆಳತಿ. ವಾರಕ್ಕೊಮ್ಮೆ ಎಲ್ಲರೂ ಸೇರಿ ಹೊಸ ಐಡಿಯಾ ಹುಡುಕುತ್ತೇವೆ. ಪೇಟೆಯ ಕಂಪನಿಗಳಲ್ಲಿ ಬ್ರೈನ್‌ಸ್ಟಾರ್ಮಿಂಗ್ ಅನ್ನುತ್ತಾರಲ್ಲ, ಅದೇ. ವಿಡಿಯೊ ಕಾಲ್, ಪರದೆ ಮೇಲೆ ಆನ್‌ಲೈನ್ ಬೋರ್ಡ್, ಅದರ ತುಂಬಾ ಬಣ್ಣದ ಚೀಟಿ. ಚೆನ್ನಾಗಿಯೇ ಇರುತ್ತದೆ, ಕರೆಂಟ್ ಇರುವ ತನಕ.

ಇದು ಮಲೆನಾಡಿನ ಪಾಡು ಮಾತ್ರ ಅಂದುಕೊಳ್ಳಬೇಡಿ. 2024ರ ಜುಲೈ 19ರಂದು ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಕೆಟ್ಟು ಪ್ರಪಂಚದ ಲಕ್ಷಾಂತರ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತುಬಿಟ್ಟವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲೇ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ವಿಮಾನಕ್ಕೆ ಜನರನ್ನು ಹತ್ತಿಸುವುದನ್ನೇ ಕಾಗದದಲ್ಲಿ ಮಾಡಬಹುದಾದರೆ ಐಡಿಯಾ ಹುಡುಕುವುದು ಎಂತ ಮಹಾ ಕೆಲಸ?

ಮೊದಲ ಐದು ನಿಮಿಷ

ಕರೆಂಟ್ ಹೋದ ತಕ್ಷಣ ಏನಾಗುತ್ತದೆ ಗಮನಿಸಿ. ಒಬ್ಬರು ಇನ್ವರ್ಟರ್ ಹತ್ತಿರ ಓಡುತ್ತಾರೆ. ಇನ್ನೊಬ್ಬರು ಹಾಟ್‌ಸ್ಪಾಟ್ ಹಾಕುತ್ತಾರೆ. ಮೂರನೆಯವರು "ಲಾಗಿನ್ ಕೇಳ್ತಾ ಇದೆ ಮಾರಾಯ್ರೇ, ಪಾಸ್‌ವರ್ಡ್ ಎಂತ?" ಅನ್ನುತ್ತಾರೆ. ಉಳಿದವರು ಮೊಬೈಲ್ ತೆಗೆದು ಸುಮ್ನೆ ತೀಡುತ್ತಾ ಕೂರುತ್ತಾರೆ. "ಈಗ ಬರುತ್ತೆ, ಈಗ ಬರುತ್ತೆ" ಎಂದು ಅರ್ಧ ಗಂಟೆ ಹೋಗುತ್ತದೆ. ಬಂದಾಗ ತಾನು ಏನು ಹೇಳಲು ಹೊರಟಿದ್ದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ನಾನು ನೋಡಿದ ಮಟ್ಟಿಗೆ ಮೀಟಿಂಗ್ ಕೆಡುವುದು ಈ ಅರ್ಧ ಗಂಟೆಯಲ್ಲೇ. ಎಲ್ಲರೂ ಒಟ್ಟಿಗೆ ಎಲೆಕ್ಟ್ರಿಷಿಯನ್ ಆಗಿಬಿಡುತ್ತೇವೆ.

ಅದಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಮೀಟಿಂಗ್ ಶುರುವಾಗುವ ಮುಂಚೆಯೇ ಒಬ್ಬರ ಹೆಸರು ಹೇಳಿಬಿಡುತ್ತೇವೆ: ಏನಾದರೂ ಕೈಕೊಟ್ಟರೆ ನೋಡುವವರು ಇವರೊಬ್ಬರೇ. ಬೇರೆ ಯಾರೂ ಕುರ್ಚಿಯಿಂದ ಏಳುವಂತಿಲ್ಲ, ಸಲಹೆಯನ್ನೂ ಕೊಡುವಂತಿಲ್ಲ. ಮೀಟಿಂಗ್ ನಡೆಸುವವರಿಗೆ ಈ ಕೆಲಸ ಕೊಡಬೇಡಿ. ಅವರು ಎದ್ದು ಹೋದರೆ ಕೋಣೆಯೇ ಎದ್ದು ಹೋದಂತೆ.

ಆ ಒಬ್ಬರು ನೋಡಬೇಕಾದ್ದು ಇಷ್ಟು. ಹೋಗಿದ್ದು ಕರೆಂಟೋ, ನೆಟ್ಟೋ, ಬರೀ ಆ ಒಂದು ವೆಬ್‌ಸೈಟೋ, ಅಥವಾ ಪ್ರೊಜೆಕ್ಟರ್ ಕೇಬಲ್ಲೋ? ಕರೆಂಟ್ ಮಾತ್ರ ಹೋಗಿದ್ದರೆ ಲ್ಯಾಪ್‌ಟಾಪ್ ಬ್ಯಾಟರಿ ಇರುತ್ತದೆ, ಸತ್ತಿರುವುದು ರೌಟರ್. ರೌಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ಅಂಗೈ ಅಗಲದ್ದು. ಕೊಳ್ಳುವ ಮುಂಚೆ ರೌಟರ್ ಅಡಾಪ್ಟರ್ ಮೇಲೆ 9 ವೋಲ್ಟ್ ಎಂದಿದೆಯೋ 12 ವೋಲ್ಟ್ ಎಂದಿದೆಯೋ ನೋಡಿಕೊಳ್ಳಿ. ಕೆಲವು ಕಡೆ ಫೈಬರ್ ಬರುವ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇರುತ್ತದೆ. ಎರಡಕ್ಕೂ ಕರೆಂಟ್ ಬೇಕು, ಒಂದಕ್ಕೆ ಕೊಟ್ಟು ನೆಟ್ ಬರಲಿಲ್ಲ ಎಂದು ಬೈದರೆ ಪ್ರಯೋಜನ ಇಲ್ಲ. ನಿಮ್ಮ ಕಡೆ ಎಲ್ಲಾ ಸರಿಯಿದ್ದೂ ನೆಟ್ ಇಲ್ಲದಿರಬಹುದು. ನೆಟ್ ಕೊಡುವ ಕಂಪನಿಯವರ ಪೆಟ್ಟಿಗೆಗೂ ಕರೆಂಟ್ ಇರಬೇಕಲ್ವಾ?

ಇದಕ್ಕೆಲ್ಲ ಐದು ನಿಮಿಷ ಸಾಕು. ಐದಾದ ಮೇಲೆ ಮೀಟಿಂಗ್ ನಡೆಸುವವರು ಎಲ್ಲರಿಗೂ ಕೇಳುವಂತೆ ಹೇಳಬೇಕು: "ಇವತ್ತು ಪೇಪರ್." ಈ ಮಾತನ್ನು ಜೋರಾಗಿ ಹೇಳುವುದು ಮುಖ್ಯ. ಹೇಳದಿದ್ದರೆ ಅರ್ಧ ಮನಸ್ಸು ಸ್ವಿಚ್ ಬೋರ್ಡಿನ ಮೇಲೇ ಇರುತ್ತದೆ.

ಇನ್ನೊಂದು. ನಡುವೆ ಕರೆಂಟ್ ಬಂದರೂ ಪರದೆಗೆ ವಾಪಸ್ ಹೋಗಬೇಡಿ. ಲೈಟ್ ಹೊತ್ತಿದ ಕೂಡಲೇ "ಅಕ್ಕಾ, ಬಂತು ಬಂತು!" ಎಂದು ಯಾರೋ ಕೂಗುತ್ತಾರೆ. ಬರಲಿ. ಪೇಪರ್ ಮೇಲೆ ಶುರು ಮಾಡಿದ್ದನ್ನು ಚಹಾ ಹೊತ್ತಿನವರೆಗೆ ಪೇಪರ್ ಮೇಲೇ ನಡೆಸಿ. ಮಳೆಗಾಲದ ಕರೆಂಟ್ ನಂಬಿ ಎರಡು ಸಲ ದಾರಿ ಬದಲಿಸಿದರೆ ತಲೆಯಲ್ಲಿದ್ದದ್ದೆಲ್ಲ ಎರಡು ಸಲ ಚೆಲ್ಲುತ್ತದೆ.

ಪ್ರಶ್ನೆ ಎಲ್ಲಿದೆ?

ಪರದೆ ಆರಿದಾಗ ಅದರ ಜೊತೆ ಕಾಣೆಯಾಗುವ ಮುಖ್ಯ ವಸ್ತು ಪ್ರಶ್ನೆ. ನಾವು ಯಾವುದಕ್ಕೆ ಐಡಿಯಾ ಹುಡುಕುತ್ತಿದ್ದೇವೆ ಎಂಬುದು ಬೋರ್ಡಿನ ಮೇಲಿನ ಮೂಲೆಯಲ್ಲಿ ಬರೆದಿರುತ್ತದೆ. ಬೇರೆಲ್ಲೂ ಇರುವುದಿಲ್ಲ. ಒಂದು ಸಲ ಪರೀಕ್ಷಿಸಿ ನೋಡಿ. ಕರೆಂಟ್ ಹೋದಾಗ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು "ಇವತ್ತಿನ ಪ್ರಶ್ನೆ ಬರೆಯಿರಿ" ಅನ್ನಿ. ಐದು ಜನ ಐದು ಬೇರೆ ಬೇರೆ ಪ್ರಶ್ನೆ ಬರೆಯುತ್ತಾರೆ.

ಹಾಗಾಗಿ ಪ್ರತಿ ಮೀಟಿಂಗ್‌ಗೂ, ಕರೆಂಟ್ ಇರಲಿ ಬಿಡಲಿ, ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಹೊರಗಿನವರಿಗೆ ಹಿಂದಿನ ದಿನವೇ ಕಳಿಸಿ, ಅವರೂ ಕೈಯಲ್ಲಿ ಬರೆದಿಟ್ಟುಕೊಳ್ಳಲಿ.

ಪ್ರಶ್ನೆ ಹೇಗಿರಬೇಕು? "ಮಳೆ ಪಾಠವನ್ನು ಆಸಕ್ತಿಕರ ಮಾಡುವುದು ಹೇಗೆ" ಎಂದರೆ ಎಲ್ಲರೂ ಹಾಡು, ನಾಟಕ, ಕ್ವಿಜ್ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದರ ಬದಲು ನಾವು ಹಾಕಿದ್ದು ಇದು: "ಏಳನೇ ಕ್ಲಾಸಿನ ಮಕ್ಕಳು ಮನೆಯಲ್ಲಿ ಬಿಸಾಡುವ ವಸ್ತುವಿನಿಂದ ದಿನದ ಮಳೆಯನ್ನು ಅಳೆದು, ತಿಂಗಳಿಡೀ ಲೆಕ್ಕ ಇಡುವಂತೆ ಮಾಡುವುದು ಹೇಗೆ?" ಯಾರು, ಏನು, ಯಾವುದರಿಂದ, ಎಷ್ಟು ದಿನ, ಎಲ್ಲಾ ಇದೆ. ಉದ್ದವಾದರೂ ಪರವಾಗಿಲ್ಲ. ಕತ್ತಲಲ್ಲಿ ಕೂತಾಗ ಹಿಡಿದುಕೊಳ್ಳಲು ಏನಾದರೂ ಗಟ್ಟಿಯಾದದ್ದು ಬೇಕು.

ಚೀಲ

ನಮ್ಮ ಆಫೀಸಿನ ಬಾಗಿಲ ಹಿಂದೆ ಮೊಳೆಗೆ ಒಂದು ಬಟ್ಟೆ ಚೀಲ ನೇತುಹಾಕಿದೆ. ಅದರಲ್ಲಿ ಏನೇನಿದೆ ಹೇಳುತ್ತೇನೆ.

ಎ4 ಹಾಳೆ ಇದೆ. ಒಂದು ಕಡೆ ಪ್ರಿಂಟ್ ಆಗಿ ಬೇಡವಾದದ್ದನ್ನು ನಾಲ್ಕಾಗಿ ಕತ್ತರಿಸಿ ಕಟ್ಟು ಮಾಡಿಟ್ಟರೆ ಅದೇ ಚೀಟಿ. ಅಂಟು ಚೀಟಿಗಳನ್ನು ಇಲ್ಲಿ ನಂಬಬೇಡಿ. ಜುಲೈನಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ, ಅಂಟು ಚೀಟಿ ಹತ್ತು ನಿಮಿಷಕ್ಕೆ ಎಲೆ ಉದುರಿದ ಹಾಗೆ ಉದುರುತ್ತದೆ. ಅದಕ್ಕೆ ಹತ್ತಿ ದಾರದ ಉಂಡೆ ಮತ್ತು ಬಟ್ಟೆ ಒಣಹಾಕುವ ಕ್ಲಿಪ್ ಇಟ್ಟಿದ್ದೇವೆ. ಕಿಟಕಿಯಿಂದ ಕಿಟಕಿಗೆ ದಾರ ಕಟ್ಟಿ ಚೀಟಿ ತೂಗುಹಾಕಬಹುದು. ಗೋಡೆಗೆ ಏನಾದರೂ ಅಂಟಿಸಲೇಬೇಕಾದರೆ ಮಾಸ್ಕಿಂಗ್ ಟೇಪ್. ಸೆಲ್ಲೋಟೇಪ್ ಕಿತ್ತರೆ ಸುಣ್ಣವೂ ಕಿತ್ತು ಬರುತ್ತದೆ, ಬಿಲ್ಡಿಂಗ್ ಓನರ್ ಮುಖ ನೋಡುವ ಹಾಗಿಲ್ಲ.

ಬರೆಯಲು ದಪ್ಪ ಮಾರ್ಕರ್. ಬಾಲ್‌ಪೆನ್ನಿನಲ್ಲಿ ಬರೆದದ್ದು ಎಮರ್ಜೆನ್ಸಿ ಲ್ಯಾಂಪಿನ ಬೆಳಕಿಗೆ ನಾಲ್ಕು ಅಡಿ ದೂರದಿಂದ ಕಾಣುವುದಿಲ್ಲ. ಮಕ್ಕಳ ಸ್ಕೆಚ್ ಪೆನ್ ಆದೀತು, ಆದರೆ ಒದ್ದೆ ಕೈ ತಾಗಿದರೆ ಬಣ್ಣ ಹರಡುತ್ತದೆ. ಪರ್ಮನೆಂಟ್ ಮಾರ್ಕರ್ ಒಳ್ಳೆಯದು. ಆರು ಎಕ್ಸಾಂ ಪ್ಯಾಡ್, ತೊಡೆ ಮೇಲೆ ಇಟ್ಟುಕೊಂಡು ಬರೆಯಲು. ಚಾರ್ಜ್ ಆಗುವ ಎರಡು ಲ್ಯಾಂಪ್. ಮುಳ್ಳಿರುವ ಒಂದು ಗಡಿಯಾರ. ಮೊಬೈಲನ್ನೇ ಟೈಮರ್ ಮಾಡಿಕೊಂಡರೆ ಟೈಮ್ ನೋಡಲು ಹೋದವರು ಮೆಸೇಜ್ ಓದಿ ಬರುತ್ತಾರೆ. ಬೇರೆ ಕಂಪನಿಯ ಸಿಮ್ ಹಾಕಿದ ಒಂದು ಗುಂಡಿ ಫೋನ್. ಒಂದು ಡಬ್ಬಿಯಲ್ಲಿ ಹುಣಸೆ ಬೀಜ, ಅದು ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಕೊನೆಯದಾಗಿ, ಎಲ್ಲರ ಫೋನ್ ನಂಬರ್ ಬರೆದ ಒಂದು ಕಾಗದ. ನಗಬೇಡಿ. ನಿಮ್ಮ ತಂಡದ ಎಷ್ಟು ಜನರ ನಂಬರ್ ನಿಮಗೆ ಬಾಯಿಪಾಠ ಬರುತ್ತದೆ ಹೇಳಿ ನೋಡೋಣ?

ಮೊದಲು ಬರೆಯಿರಿ, ಆಮೇಲೆ ಮಾತು

ಈಗ ಅಸಲಿ ವಿಷಯ. ಪೇಪರ್ ಎಂದ ಕೂಡಲೇ ಜನ ಮಾಡುವುದು ಒಂದೇ. ಒಬ್ಬರು ದೊಡ್ಡ ಹಾಳೆ ಹಿಡಿದು ನಿಲ್ಲುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ಹೇಳುತ್ತಾರೆ, ಅವರು ಬರೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬ್ರೈನ್‌ಸ್ಟಾರ್ಮಿಂಗ್ ಅನ್ನು 1940ರ ದಶಕದಲ್ಲಿ ಜನಪ್ರಿಯ ಮಾಡಿದವರು ಅಲೆಕ್ಸ್ ಆಸ್ಬಾರ್ನ್ ಎಂಬ ಅಮೆರಿಕದ ಜಾಹೀರಾತು ಕಂಪನಿಯ ಮನುಷ್ಯ. ಟೀಕೆ ಬೇಡ, ಹುಚ್ಚು ಐಡಿಯಾ ಬಂದರೂ ಬರಲಿ, ಸಂಖ್ಯೆ ಜಾಸ್ತಿ ಇರಲಿ, ಇನ್ನೊಬ್ಬರದರ ಮೇಲೆ ಕಟ್ಟಿ ಎಂದು ಅವರು ಹೇಳಿದ್ದು ಇವತ್ತಿಗೂ ಸರಿಯೇ. ಆದರೆ ಗುಂಪಾಗಿ ಕೂತು ಮಾತಾಡಿದರೆ ಐಡಿಯಾ ಹೆಚ್ಚುತ್ತದೆ ಎಂಬ ಅವರ ನಂಬಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ನಾಲ್ಕು ಜನರ ಗುಂಪನ್ನೂ, ಬೇರೆ ಬೇರೆ ಕೂತು ಯೋಚಿಸಿದ ನಾಲ್ಕು ಜನರನ್ನೂ ಹೋಲಿಸಿದರು. ಬೇರೆ ಕೂತವರ ಪಟ್ಟಿಗಳನ್ನು ಸೇರಿಸಿ, ಎರಡೆರಡು ಸಲ ಬಂದದ್ದನ್ನು ತೆಗೆದರೂ ಅವರದ್ದೇ ಜಾಸ್ತಿ ಇತ್ತು. ಯಾಕೆ ಹೀಗೆ ಎಂದು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಸಂಶೋಧಕರು ಕೆದಕಿ ನೋಡಿದರು. ಮುಖ್ಯ ಕಾರಣ ಸರಳವಾದದ್ದು. ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಉಳಿದವರು ತಮ್ಮ ಸರದಿ ಕಾಯುತ್ತಾರೆ. ಕಾಯುತ್ತಾ ಕಾಯುತ್ತಾ ತಮ್ಮದನ್ನು ಮರೆಯುತ್ತಾರೆ, ಇಲ್ಲವೇ "ಅದೇನು ದೊಡ್ಡ ವಿಷಯ ಬಿಡು" ಎಂದು ಕೈಬಿಡುತ್ತಾರೆ.

ಅಂದರೆ ಕರೆಂಟ್ ಹೋಗಿದ್ದರಿಂದ ನಷ್ಟ ಆಯ್ತು ಅಂದುಕೊಂಡಿದ್ದೇವಲ್ಲ, ಒಬ್ಬೊಬ್ಬರೇ ಕೂತು ಬರೆಯುವ ಹಾಗಾಯ್ತಲ್ಲ, ಅದೇ ಒಳ್ಳೆಯ ದಾರಿ. ನನಗಂತೂ ಈಗ ಪೂರ್ತಿ ಕರೆಂಟ್ ಇರುವ ದಿನವೂ ಮೊದಲ ಅರ್ಧ ಗಂಟೆ ಪರದೆ ಆರಿಸಿಡಬೇಕು ಅನ್ನಿಸುತ್ತದೆ.

ನಾವು ಬಳಸುವ ಕ್ರಮ ಜರ್ಮನಿಯ ಬರ್ಂಡ್ ರೋರ್‌ಬಾಖ್ ಎಂಬವರು 1968ರಲ್ಲಿ ಹೇಳಿಕೊಟ್ಟದ್ದು. ಅದಕ್ಕೆ 6-3-5 ಎಂದು ಹೆಸರು. ಆರು ಜನ ಸುತ್ತ ಕೂರಬೇಕು. ಪ್ರತಿಯೊಬ್ಬರ ಕೈಯಲ್ಲಿ ಒಂದು ಹಾಳೆ. ಐದು ನಿಮಿಷದಲ್ಲಿ ಮೂರು ಐಡಿಯಾ ಬರೆಯಬೇಕು. ಐದು ನಿಮಿಷ ಆದ ಕೂಡಲೇ ಹಾಳೆ ಬಲಗಡೆಯವರಿಗೆ. ಅವರು ಮೇಲಿನದ್ದನ್ನು ಓದಿ, ಅದರ ಮೇಲೆ ಕಟ್ಟಿ, ಇಲ್ಲವೇ ಹೊಸದೇ ಮೂರು ಬರೆಯಬೇಕು. ಆರು ಸುತ್ತಾಗುವಾಗ ಅರ್ಧ ಗಂಟೆ, ಹಾಳೆಗಳ ಮೇಲೆ 108 ಐಡಿಯಾ. ಐದೇ ಜನ ಇದ್ದರೆ ಐದು ಸುತ್ತು, 75. ಒಬ್ಬರು ಫ್ಯೂಸ್ ನೋಡಲು ಹೋಗಿರುತ್ತಾರಲ್ಲ!

ಇವೆಲ್ಲ ಚಿನ್ನ ಅಂತ ಅಲ್ಲ. ಮೊದಲ ಸುತ್ತಿನಲ್ಲಿ ಎಲ್ಲರ ಹಾಳೆಯಲ್ಲೂ ಒಂದೇ ಇರುತ್ತದೆ. ನಮ್ಮ ಮಳೆ ಪ್ರಶ್ನೆಗೆ ಎಲ್ಲರೂ ಬರೆದದ್ದು "ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಳೆಮಾಪಕ" ಎಂದೇ. ಅದು ಪುಸ್ತಕದಲ್ಲೇ ಇದೆ. ಆದರೆ ಹಾಳೆ ಕೈ ಬದಲಾದಾಗ ಏನಾಯಿತು ನೋಡಿ. ಎರಡನೆಯವರು ಕೆಳಗೆ ಬರೆದರು: "ಬಾಟಲಿಯ ತಳ ಉಬ್ಬುತಗ್ಗು. ಮೊದಲು ಜಲ್ಲಿಕಲ್ಲು ಹಾಕಿ, ಮುಳುಗುವಷ್ಟು ನೀರು ಹೊಯ್ದು, ಅಲ್ಲಿ ಸೊನ್ನೆ ಗೆರೆ ಎಳೆಯಲಿ." ಮೂರನೆಯವರು: "ಗಾಳಿಗೆ ಬೀಳುತ್ತೆ, ಅರ್ಧ ಇಟ್ಟಿಗೆಗೆ ಸೈಕಲ್ ಟ್ಯೂಬ್‌ನಲ್ಲಿ ಕಟ್ಟಿ." ನಾಲ್ಕನೆಯವರು ಅಡಿಕೆ ತೋಟದ ಮನೆಯವರು. ಅವರು ಬರೆದದ್ದು: "ನಮ್ಮಲ್ಲಿ ಅಜ್ಜ ಮಳೆಯನ್ನು ಇಂಚಿನಲ್ಲಿ ಡೈರಿಯಲ್ಲಿ ಬರೆಯುತ್ತಾರೆ. ಮಕ್ಕಳು ಮಿಲಿಮೀಟರ್‌ನಲ್ಲಿ ಬರೆಯಲಿ. ಇಬ್ಬರ ಲೆಕ್ಕ ತಾಳೆ ನೋಡಲಿ. 1 ಇಂಚು ಎಂದರೆ 25.4 ಮಿಮೀ." ಕಿಟ್ ಹುಟ್ಟಿದ್ದು ಆ ಸಾಲಿನಿಂದ. ಆ ನಾಲ್ಕನೆಯವರು ಮೀಟಿಂಗ್‌ನಲ್ಲಿ ಬಾಯಿ ಬಿಡುವುದೇ ಅಪರೂಪ. ಅಜ್ಜನ ಡೈರಿ ವಿಷಯ ಎಲ್ಲರ ಮುಂದೆ ಹೇಳಿ ಎಂದಿದ್ದರೆ ಅವರು ಹೇಳುತ್ತಿರಲಿಲ್ಲ ಎಂದು ನನಗೆ ಗ್ಯಾರಂಟಿ.

ನಡೆಸುವವರಿಗೆ ಕೆಲವು ಕಿವಿಮಾತು. ಬರೆಯುವಾಗ ಮಾತು ಪೂರ್ತಿ ಬಂದ್, ನಗುವುದಕ್ಕೆ ಮಾತ್ರ ಅನುಮತಿ ಇದೆ. ಪೂರ್ತಿ ವಾಕ್ಯ ಬರೆಯಲು ಹೇಳಿ. "ಅಜ್ಜ, ಡೈರಿ" ಎಂದಷ್ಟೇ ಬರೆದರೆ ಮೂರು ಕೈ ದಾಟುವಾಗ ಅದು ಏನೇನೋ ಆಗಿರುತ್ತದೆ. ಚಿತ್ರ ಬರೆದರೂ ಸೈ. ನಮ್ಮ ಪಕ್ಕದ ಹಳ್ಳಿಯಿಂದ ಬರುವ ಸಹಾಯಕಿಯ ಅಕ್ಷರಕ್ಕಿಂತ ಚಿತ್ರವೇ ಬೇಗ ಅರ್ಥವಾಗುತ್ತದೆ. ಕೈಬರಹ ಕೆಟ್ಟದಾಗಿರುವ ಒಬ್ಬರು ಎಲ್ಲಾ ತಂಡದಲ್ಲೂ ಇರುತ್ತಾರೆ, ಅವರ ಹಾಳೆ ಕೈಗೆ ಬಂದವರು ಅವರನ್ನೇ ಕೇಳಿ ತಿಳಿದುಕೊಳ್ಳಬಹುದು, ಪಿಸುದನಿಯಲ್ಲಿ. ಮೂರು ಹೊಳೆಯದಿದ್ದರೆ ಎರಡು ಬರೆಯಲಿ, ಹಾಳೆ ಹಿಡಿದು ಕೂರುವುದು ಬೇಡ.

ಹೊರಗಿರುವ ಮೂವರು

ನಮಗೆ ಕರೆಂಟ್ ಹೋದಾಗ ಕಲಬುರಗಿಯಲ್ಲಿ ಇರುತ್ತದೆ. ಅವರಿಗೆ ಕಾಣುವುದು ಇಷ್ಟೇ: ನಮ್ಮ ಮುಖಗಳು ಬಾಯಿ ತೆರೆದ ಹಾಗೇ ನಿಂತುಬಿಟ್ಟವು. ಅವರು ಕಾಯುತ್ತಾರೆ. ಎಲ್ಲರಿಗಿಂತ ಹೆಚ್ಚು ಬೇಸರ ಆಗುವುದು ಅವರಿಗೇ, ಮತ್ತು ನಾವು ಮರೆಯುವುದೂ ಅವರನ್ನೇ.

ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ನಾವು ಕಾಣೆಯಾಗಿ ಐದು ನಿಮಿಷ ಆದರೆ ಅವರು ಯಾರನ್ನೂ ಕೇಳದೆ ಅದೇ ಪ್ರಶ್ನೆಗೆ ತಮ್ಮ ಹಾಳೆಯಲ್ಲಿ ಬರೆಯಲು ಶುರು ಮಾಡಬೇಕು. ಹತ್ತು ನಿಮಿಷದೊಳಗೆ ನಾವು ಮಾಮೂಲಿ ಫೋನ್ ಕಾಲ್ ಮಾಡಬೇಕು. ಸಾಮಾನ್ಯವಾಗಿ ಒಂದು ಮೊಬೈಲ್‌ನಿಂದ ಐದು ಜನರ ತನಕ ಕಾಲ್ ಸೇರಿಸಬಹುದು. ಒಬ್ಬರಿಗೆ ಮಾಡಿ, ಆಡ್ ಕಾಲ್ ಒತ್ತಿ ಇನ್ನೊಬ್ಬರಿಗೆ ಮಾಡಿ, ಮರ್ಜ್ ಒತ್ತಿದರೆ ಆಯಿತು. ಇದನ್ನು ಕರೆಂಟ್ ಇರುವ ದಿನವೇ ಎಲ್ಲರೂ ಒಮ್ಮೆ ಮಾಡಿ ಕಲಿತಿರಿ. ಮಸ್ಕತ್‌ಗೆ ಮಾಮೂಲಿ ಕಾಲ್ ದುಬಾರಿ, ಆದ್ದರಿಂದ ಗೆಳತಿಯನ್ನು ಅದರಲ್ಲಿ ಸೇರಿಸುವುದಿಲ್ಲ. ಅವಳಿಗೆ ಬೇರೆ ದಾರಿ ಇದೆ, ಹೇಳುತ್ತೇನೆ.

ಫೋನನ್ನು ಸ್ಪೀಕರ್‌ಗೆ ಹಾಕಿ ಖಾಲಿ ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿದರೆ ಶಬ್ದ ಜೋರಾಗುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಅದೂ ಸಾಲುವುದಿಲ್ಲ. ಆಗ ಒಬ್ಬರು ಕಿವಿಗೆ ಹಿಡಿದು ಕೇಳಿ, ಅವರ ಪರವಾಗಿ ಬರೆಯಬೇಕು. ನಾವು ಇದನ್ನೇ ಖಾಯಂ ಮಾಡಿಕೊಂಡಿದ್ದೇವೆ: ಹೊರಗಿನ ಪ್ರತಿಯೊಬ್ಬರಿಗೂ ಇಲ್ಲಿ ಒಬ್ಬರು ಜೊತೆಗಾರರು. ಮೇಷ್ಟ್ರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಮೂಲೆಯಲ್ಲಿ "ಕ 1", "ಕ 2" ಎಂದು ಗುರುತು ಹಾಕುತ್ತಾರೆ. ಬೆಂಗಳೂರಿನ ಹುಡುಗನದು "ಬ". ಆಮೇಲೆ ಚರ್ಚೆಯಲ್ಲಿ "ಕ 2ನ್ನು ಅಲ್ಲಿ ಸೇರಿಸಿದ್ದೇವೆ ಸಾರ್" ಎಂದರೆ ಅವರಿಗೆ ತಮ್ಮ ಹಾಳೆ ನೋಡಿ ಗೊತ್ತಾಗುತ್ತದೆ. ಜೊತೆಗಾರರು ಮೇಷ್ಟ್ರ ಕನ್ನಡವನ್ನು ಮಲೆನಾಡಿನ ಕನ್ನಡ ಮಾಡಿ ಬರೆಯಬಾರದು. ಅವರು "ಮಳಿ" ಎಂದರೆ "ಮಳಿ" ಎಂದೇ ಇರಲಿ.

ಡೇಟಾ ಸತ್ತರೂ ಎಸ್‌ಎಂಎಸ್ ಹೋಗುವುದುಂಟು. ಕನ್ನಡ ಲಿಪಿಯಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಇಂಗ್ಲಿಷಿನಲ್ಲಿ 160. ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 70 ದಾಟಿದರೆ ಅದು ಎರಡು ಮೆಸೇಜ್. ಮೊದಲು ಇದು ಕಿರಿಕಿರಿ ಅನ್ನಿಸುತ್ತದೆ, ಆದರೆ ಒಂದು ಮೆಸೇಜಿಗೆ ಒಂದೇ ಐಡಿಯಾ ಎಂದು ಮಾಡಿಕೊಂಡರೆ ಎಲ್ಲರೂ ಚುಟುಕಾಗಿ ಬರೆಯುವುದನ್ನು ಕಲಿಯುತ್ತಾರೆ.

ಕರೆಂಟ್ ಗಂಟೆಗಟ್ಟಲೆ ಬರದಿದ್ದರೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ಕಾಲೂ ಇಲ್ಲ, ಎಸ್‌ಎಂಎಸ್ಸೂ ಇಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೇಲೆ ಹೇಳಿದ ಯೇಲ್‌ನ ಪ್ರಯೋಗ ನೆನಪಿದೆಯಲ್ಲ? ಬೇರೆ ಬೇರೆ ಕೂತು ಬರೆದು ಆಮೇಲೆ ಸೇರಿಸಿದರೆ ನಷ್ಟವಿಲ್ಲ. ಮಸ್ಕತ್ ಗೆಳತಿ ಮಾಡುವುದು ಅದೇ. ಅವಳ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ನಾವು ಕಾಣೆಯಾದರೆ ಅವಳು ಅರ್ಧ ಗಂಟೆ ಒಬ್ಬಳೇ ಬರೆದು, ಹಾಳೆಯ ಫೋಟೊ ಕಳಿಸಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ನಮಗೆ ನೆಟ್ ಬಂದಾಗ ಅದು ತಾನಾಗಿ ಬಂದು ಬೀಳುತ್ತದೆ. ಆ ಚೀಟಿಗಳನ್ನು ಸೇರಿಸುವ ತನಕ ಯಾವುದನ್ನೂ ಆರಿಸಬಾರದು ಎಂಬುದು ನಿಯಮ.

ನೆಲದ ಮೇಲೆ

ಬರೆದದ್ದನ್ನು ಕತ್ತರಿಸಿ ಒಂದೊಂದು ಚೀಟಿ ಮಾಡಿ ಚಾಪೆ ಮೇಲೆ ಹರಡಿ. ಮೇಜು ಬೇಡ. ಮೇಜಿಗೆ ತಲೆಯ ಕಡೆ ಅಂತ ಒಂದು ಇರುತ್ತದೆ, ಅಲ್ಲಿ ದೊಡ್ಡವರು ಕೂರುತ್ತಾರೆ. ಚಾಪೆಗೆ ನಾಲ್ಕೂ ಕಡೆ ಒಂದೇ.

ಚೀಟಿ ಗುಂಪು ಮಾಡುವ ಪದ್ಧತಿಗೆ ಜಪಾನಿನ ಮಾನವಶಾಸ್ತ್ರಜ್ಞ ಕವಾಕಿತಾ ಜಿರೋ ಅವರ ಹೆಸರಿನ ಮೊದಲಕ್ಷರಗಳಿಂದ ಕೆಜೆ ಎಂದೇ ಹೆಸರು ಬಂದಿದೆ. ನೇಪಾಳದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದವರು ಅವರು. ಅವರ ಕ್ರಮದಲ್ಲಿ ನನಗೆ ಇಷ್ಟವಾದದ್ದು ಒಂದು ವಿಷಯ: ಮೊದಲೇ ತಲೆಬರಹ ಹಾಕಿ ಅದರ ಕೆಳಗೆ ಚೀಟಿ ತುಂಬುವುದಲ್ಲ. ಯಾವ ಚೀಟಿ ಯಾವುದರ ಹತ್ತಿರ ಇರಲು ಬಯಸುತ್ತದೆ ಎಂದು ನೋಡಿ ಹತ್ತಿರ ಇಡುತ್ತಾ ಹೋಗುವುದು, ಹೆಸರು ಕೊನೆಗೆ. ಯಾರೊಂದಿಗೂ ಸೇರದ ಚೀಟಿ ಒಂಟಿಯಾಗಿಯೇ ಇರಲಿ. ಬಲವಂತವಾಗಿ "ಇತರೆ" ಎಂಬ ಗುಂಪು ಮಾಡಬೇಡಿ, ಅದು ಕಸದ ಬುಟ್ಟಿಯ ಸಭ್ಯ ಹೆಸರು.

ನೆಲದ ಮೇಲೆ ಕೂತು ಯೋಚಿಸುವುದು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. ಗ್ರಾಮಾಭಿವೃದ್ಧಿ ಕೆಲಸ ಮಾಡುವ ಬೆಂಗಳೂರಿನ ಮೈರಾಡ ಸಂಸ್ಥೆ 1980ರ ದಶಕದ ಕೊನೆಯಿಂದ ಹಳ್ಳಿಗಳಲ್ಲಿ ಪಿಆರ್‌ಎ ಎಂಬ, ಊರವರೇ ಸೇರಿ ತಮ್ಮೂರನ್ನು ಅರಿಯುವ ಕ್ರಮವನ್ನು ಬಳಸಿತು. ಊರವರೇ ರಂಗೋಲಿ ಪುಡಿಯಲ್ಲಿ ತಮ್ಮೂರಿನ ನಕ್ಷೆ ಬರೆಯುವುದು, ಕಲ್ಲು, ಬೀಜ, ಎಲೆ ಇಟ್ಟು ಕೆರೆ, ಹೊಲ, ಮನೆ ತೋರಿಸುವುದು. ಇಂಥ ಸಭೆಯಲ್ಲಿ ಬಾಯಿ ಬಿಡದ ಹೆಂಗಸರು ಕೂಡ ಬಗ್ಗಿ ಒಂದು ಕಲ್ಲನ್ನು ಸರಿಸಿ ಇಡುತ್ತಾರೆ. ಆನ್‌ಲೈನ್ ಬೋರ್ಡಿನಲ್ಲಿ ಕೀಬೋರ್ಡ್ ಹಿಡಿದವರ ಮಾತೇ ಉಳಿಯುತ್ತದೆ. ಚಾಪೆ ಮೇಲೆ ಯಾರ ಕೈ ಬೇಕಾದರೂ ಚಾಚಬಹುದು. ಹಾಗಾಗಿ ನಡೆಸುವವರು ಈ ಹೊತ್ತಿನಲ್ಲಿ ಮಾರ್ಕರ್ ಬಿಟ್ಟುಕೊಟ್ಟು ಸ್ವಲ್ಪ ಹಿಂದೆ ಸರಿದು ಕೂತರೆ ಒಳ್ಳೆಯದು. ಫ್ಯಾನ್ ಹಾಕಬೇಡಿ ಎಂದು ಬೇರೆ ಹೇಳಬೇಕಿಲ್ಲ, ಹೇಗೂ ತಿರುಗುವುದಿಲ್ಲ. ಕಿಟಕಿ ಮಾತ್ರ ಹಾಕಿ.

ಆರಿಸುವುದಕ್ಕೆ ಹುಣಸೆ ಬೀಜ. ಪ್ರತಿ ಗುಂಪಿನ ಮುಂದೆ ಒಂದು ಕಾಗದದ ಲೋಟ, ಪ್ರತಿಯೊಬ್ಬರಿಗೆ ಮೂರು ಬೀಜ. ಮೂರನ್ನೂ ಒಂದೇ ಲೋಟಕ್ಕೆ ಹಾಕಿದರೂ ಸರಿ. ಲೋಟದೊಳಗೆ ಇಣುಕುವಂತಿಲ್ಲ. ಹೊರಗಿನವರ ಬೀಜವನ್ನು ಜೊತೆಗಾರರು ಹಾಕುತ್ತಾರೆ. ನಡೆಸುವವರು ಕೊನೆಗೆ ಹಾಕಬೇಕು, ಮುಖದಲ್ಲಿ ಏನೂ ತೋರಿಸದೆ. ಜಾಸ್ತಿ ಬೀಜ ಬಿದ್ದದ್ದೇ ಆಖೈರು ಎಂದಲ್ಲ. ಯಾವುದರ ಬಗ್ಗೆ ಈಗ ಬಾಯಿಬಿಟ್ಟು ಮಾತಾಡಬೇಕು ಎಂದು ಅದು ಹೇಳುತ್ತದೆ. ಮಾತು, ಜಗಳ ಎಲ್ಲಾ ಈ ಹಂತಕ್ಕೆ.

ಗುಡಿಸುವ ಮುಂಚೆ

ಕಾಗದದ ದೊಡ್ಡ ಶತ್ರು ಸಂಜೆಯ ಪೊರಕೆ. ಏಳುವ ಮುಂಚೆ ಚೀಟಿಗಳಿಗೆ ನಂಬರ್ ಹಾಕಿ, ಗುಂಪು ಗುಂಪಾಗಿ ಫೋಟೊ ತೆಗೆಯಿರಿ. ಕಿಟಕಿಯ ಬೆಳಕಿನಲ್ಲಿ, ನೇರ ಮೇಲಿನಿಂದ, ಫ್ಲ್ಯಾಶ್ ಇಲ್ಲದೆ. ಇದಕ್ಕೆಂದು ಒಬ್ಬರ ಮೊಬೈಲಿನಲ್ಲಿ ಬ್ಯಾಟರಿ ಉಳಿಸಿಟ್ಟಿರಬೇಕು. ಚೀಟಿಗಳನ್ನು ಗುಂಪಿನ ಪ್ರಕಾರ ಕಟ್ಟಿ, ಮೇಲೆ ತಾರೀಕು ಮತ್ತು ಪ್ರಶ್ನೆ ಬರೆದು ಕಪಾಟಿನಲ್ಲಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಮರುದಿನ ಒಬ್ಬರು ಟೈಪ್ ಮಾಡಿ ಎಲ್ಲರಿಗೂ ಕಳಿಸಲಿ. ಬರೆದದ್ದನ್ನು ಬರೆದ ಹಾಗೇ. "ಅಜ್ಜನ ಡೈರಿ" ಎಂಬುದನ್ನು "ಸಮುದಾಯ ದತ್ತಾಂಶ" ಎಂದು ಸುಂದರ ಮಾಡುವ ಚಪಲ ಟೈಪ್ ಮಾಡುವವರಿಗೆಲ್ಲ ಇರುತ್ತದೆ. ಹಾಗೆ ಮಾಡಿದರೆ ಬರೆದವರಿಗೇ ತಮ್ಮ ಐಡಿಯಾ ಗುರುತು ಸಿಗುವುದಿಲ್ಲ. ಕೆಳಗೆ ಯಾರು, ಏನು, ಯಾವತ್ತಿನೊಳಗೆ ಎಂದು ಎರಡು ಮೂರು ಸಾಲು. ಚೀಲದಲ್ಲಿ ಖಾಲಿಯಾದದ್ದನ್ನು ಅವತ್ತೇ ತುಂಬಿಸಿ, ಲ್ಯಾಂಪನ್ನು ಕರೆಂಟ್ ಬಂದ ಕೂಡಲೇ ಚಾರ್ಜ್‌ಗೆ ಹಾಕಿ.

ಯಾವಾಗ ಎದ್ದುಬಿಡಬೇಕು

ಎಲ್ಲಾ ಮೀಟಿಂಗನ್ನೂ ಹೀಗೆ ಎಳೆಯಲು ಹೋಗಬೇಡಿ. ಬಜೆಟ್, ಹಿಂದಿನ ವರ್ಷದ ಶಾಲೆಗಳ ಪಟ್ಟಿ, ಪ್ರಿಂಟಿಂಗ್‌ಗೆ ಹೋಗಬೇಕಾದ ಫೈಲ್, ಇವುಗಳ ಮುಂದೆ ಕೂರಬೇಕಾದ ಮೀಟಿಂಗ್ ಆದರೆ ಮುಂದೂಡಿ. ಅಂಕಿಗಳನ್ನು ನೆನಪಿನಿಂದ ಹೇಳಿ ತೀರ್ಮಾನ ಮಾಡಿದರೆ ಮರುದಿನ ಎಲ್ಲವನ್ನೂ ತಿರುಗಿ ಮಾಡಬೇಕಾಗುತ್ತದೆ. ಮನಸ್ಸು ಇಲ್ಲದೆ ಕೂತವರನ್ನೂ ಕೂರಿಸಿಕೊಳ್ಳಬೇಡಿ. ಮನೆಯ ಹತ್ತಿರ ಹೊಳೆ ಏರುತ್ತಿದೆ, ಮಗುವಿನ ಶಾಲೆಗೆ ರಜೆ ಕೊಟ್ಟುಬಿಟ್ಟಿದ್ದಾರೆ ಎಂದು ಸುದ್ದಿ ಬಂದರೆ ಆ ಮನುಷ್ಯ ಮೂರು ಐಡಿಯಾ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಪ್ರಶ್ನೆಯ ಹಾಳೆ ಕೊಟ್ಟು ಕಳಿಸಿ, ಹೊಳೆದರೆ ಮನೆಯಲ್ಲಿ ಬರೆಯಲಿ.

ಮತ್ತೆ ಬಸ್ಸು. ನಮ್ಮಲ್ಲಿ ಇಬ್ಬರು ಹಳ್ಳಿಯಿಂದ ಬರುತ್ತಾರೆ, ಮಳೆ ಜೋರಾದರೆ ಕೊನೆಯ ಬಸ್ಸು ಬರುತ್ತದೋ ಇಲ್ಲವೋ ಹೇಳಲಾಗದು. ಅಂಥ ದಿನ ಅದರ ಹಿಂದಿನ ಬಸ್ಸಿನ ಹೊತ್ತಿಗೇ ಮೀಟಿಂಗ್ ಮುಗಿಸುತ್ತೇವೆ, ಬೀಜ ಹಾಕುವುದು ಬಾಕಿಯಿದ್ದರೂ ಸರಿ. ಲೋಟಗಳು ಮರುದಿನ ಬೆಳಿಗ್ಗೆಯೂ ಅಲ್ಲೇ ಇರುತ್ತವೆ.